ನದಿ ಹೊರಡುವ ಸರೋವರದ ಬಳಿ



ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಬೇಸಿಗೆಯಲ್ಲಿ ಹೋಗಿಬರುವ ತಂದೆತಾಯಿಯರು ಇಂದು ನಮ್ಮಲ್ಲಿ ಅನೇಕರಿದ್ದಾರೆ. ದೊಡ್ಡ ನಗರಗಳ ಜೊತೆಗೆ ಅವರು ನೋಡಬೇಕಾದ ಒಂದು ಸ್ಥಳ ಮಿನ್ನೆಸೋಟ ರಾಜ್ಯದ ಇಟಾಸ್ಕ ಉದ್ಯಾನ. ಉದ್ಯಾನವೆಂದರೆ ಹೂದೋಟವಲ್ಲ, 32,000 ಎಕರೆಗೂ ಮಿಕ್ಕ ಕಾಡು, ನೂರಕ್ಕೂ ಹೆಚ್ಚು ಕೆರೆಗಳು. ಅಲ್ಲಿನ ಇಟಾಸ್ಕ ಸರೋವರದಿಂದಲೇ ಮಿಸಿಸಿಪ್ಪಿ ಮಹಾನದಿ ಹೊರಡುತ್ತದೆ. ಸಾಲುಗಲ್ಲುಗಳ ಮೇಲೆ ಕಾಲಿಟ್ಟು ಮಕ್ಕಳೂ ಅದನ್ನು ದಾಟುತ್ತಾರೆ. ಅದೇ ನೀರು 3,700 ಕಿಲೋಮೀಟರ್ ದಾಟಿ ಮೆಕ್ಸಿಕೊ ಕೊಲ್ಲಿಯನ್ನು ಸೇರುತ್ತದೆ.

1832ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಈ ಸರೋವರಕ್ಕೆ ಬಂದರು. ಲತೀನ್ ಭಾಷೆಯಲ್ಲಿ 'ವೆರಿತಾಸ್' ಎಂದರೆ ಸತ್ಯ, 'ಕಾಪುತ್' ಎಂದರೆ ತಲೆ. ಈ ಎರಡನ್ನೂ ಜೋಡಿಸಿ, ಹಿಂದುಮುಂದಿನ ಅಕ್ಷರಗಳನ್ನು ಬಿಟ್ಟು, 'ಇಟಾಸ್ಕ' ಎಂದು ಹೆಸರಿಟ್ಟರು. ನಿಜವಾದ ಮೂಲ ಎಂಬುದು ಭಾವ. ಆದರೆ ಅವರಿಗೆ ದಾರಿ ತೋರಿಸಿದ ಒಜಿಬ್ವೆ ಜನಾಂಗದ ಓಜಾವಿಂಡಿಬ್‌ಗೆ ಆ ಸರೋವರ ಮೊದಲೇ ಗೊತ್ತಿತ್ತು. ಆ ಜನರ ಭಾಷೆಯಲ್ಲಿ ಅದು ಎಲ್ಕ್ ಜಿಂಕೆಯ ಸರೋವರ.

ಈ ಕಾಡು ತಾನಾಗಿಯೇ ಉಳಿಯಲಿಲ್ಲ. 1891ರಲ್ಲಿ ಶಾಸನಸಭೆ ಉದ್ಯಾನಕ್ಕೆ ಒಪ್ಪಿಗೆ ಕೊಟ್ಟದ್ದು ಒಂದೇ ಮತದ ಅಂತರದಿಂದ. ಆ ಮೇಲೂ ಮರದ ವ್ಯಾಪಾರಿಗಳು ದಿಮ್ಮಿಗಳನ್ನು ತೇಲಿಸಲು ಅಣೆಕಟ್ಟು ಹಾಕಿದರು. ನೀರು ಏರಿ ದಡದ ಮರಗಳಿಗೆ ಅಪಾಯ ಒದಗಿತು. 1903ರಲ್ಲಿ ತಂದೆಯ ಮರಣಾನಂತರ ಉದ್ಯಾನದ ಅಧಿಕಾರ ವಹಿಸಿಕೊಂಡ ಮೇರಿ ಗಿಬ್ಸ್‌ಗೆ ಆಗ 24 ವರ್ಷ. ತೂಬು ತೆರೆಯಬೇಕೆಂದು ಅವರು ಪಟ್ಟು ಹಿಡಿದರು. ಬಂದೂಕಿನ ಬೆದರಿಕೆಗೂ ಹಿಂಜರಿಯಲಿಲ್ಲ. ಅವರು ಆ ಹುದ್ದೆಯಲ್ಲಿದ್ದದ್ದು ಕೆಲವೇ ತಿಂಗಳು. ಇಂದು ನಾವು ತಲೆಯೆತ್ತಿ ನೋಡುವ ಹಳೆಯ ಕೆಂಪು ಪೈನ್ ಮರಗಳು ಇಂಥವರು ನಮಗಾಗಿ ಉಳಿಸಿಕೊಟ್ಟ ಆಸ್ತಿ.

ಆದುದರಿಂದ ಅಲ್ಲಿ ನಾವು ಯಜಮಾನರಲ್ಲ, ಅತಿಥಿಗಳು. ಡೇರೆ ಹಾಕಿ ತಂಗುವವರು ಇವನ್ನು ನೆನಪಿಡಬೇಕು:

1. ಸೌದೆಯನ್ನು ದೂರದಿಂದ ಒಯ್ಯಬಾರದು. ಆಷ್ ಮರಗಳನ್ನು ಕೊಲ್ಲುವ ಹಸಿರು ಜೀರುಂಡೆ ಅದರೊಳಗೆ ಅಡಗಿ ಬರುತ್ತದೆ. ಅನುಮತಿ ಪಡೆದ ಸ್ಥಳೀಯ ಸೌದೆಯನ್ನೇ ಕೊಳ್ಳಿರಿ.

2. ಕರಡಿಗಳಿರುವ ಕಾಡಿದು. ಡೇರೆಯಲ್ಲಿ ತಿಂಡಿತಿನಿಸು ಇಡಬೇಡಿರಿ.

3. ರಾತ್ರಿ 10ರ ನಂತರ ಮೌನ. ಪಕ್ಕದ ಡೇರೆಯಲ್ಲಿಯೂ ಒಂದು ಕುಟುಂಬ ಮಲಗಿದೆ.

4. ಕಾಲುದಾರಿ ಬಿಟ್ಟು ನಡೆಯಬೇಡಿರಿ; ಎಳೆಯ ಸಸಿಗಳು ತುಳಿತಕ್ಕೆ ಸಿಗುತ್ತವೆ.

ಮೂಲದಲ್ಲಿ ಕಲಕಿದ ನೀರನ್ನು ಕೆಳಗಿನ ಊರುಗಳವರೂ ಕುಡಿಯಬೇಕಾಗುತ್ತದೆ. ನಮ್ಮ ನಂತರ ಬರುವವರಿಗಾಗಿ ನಾವು ಉಳಿಸುತ್ತಿರುವುದೇನು? ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳೊಂದಿಗೆ ಈ ಪ್ರಶ್ನೆಯನ್ನು ಮಾತನಾಡಿರಿ.