ಹಾಲು ಕರೆಯುವ ಹೊತ್ತು: ಮರೆವಿನ ಅಮ್ಮನನ್ನು ನೋಡಿಕೊಳ್ಳುವ ಮಗಳಿಗೆ ಕೆಲವು ಯಶಸ್ಸಿನ ಸೂತ್ರಗಳು

ಸಂಜೆ ಐದಾಯಿತೆಂದರೆ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಾಳೆ. ‘ಮನೆಗೆ ಹೋಗೋಣ ನಡಿ, ಹಾಲು ಕರೆಯೋ ಹೊತ್ತಾಯ್ತು.’ ನಾವಿರುವುದು ಮೈಸೂರಿನಲ್ಲಿ, ಮೊದಲ ಮಹಡಿಯ ಮನೆಯಲ್ಲಿ. ಅವಳು ಹೇಳುವ ಕೊಟ್ಟಿಗೆ ತೀರ್ಥಹಳ್ಳಿ ಕಡೆಯದು. ಅದರ ಹೆಂಚು ಇಳಿಸಿ ಇಪ್ಪತ್ತು ವರ್ಷ ದಾಟಿದೆ.

ಆರು ವರ್ಷದಿಂದ ಅಮ್ಮ ನನ್ನ ಜೊತೆಗಿದ್ದಾಳೆ. ಅವಳಿಗಿರುವ ಆಲ್ಜೈಮರ್ ಕಾಯಿಲೆಯನ್ನು ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಅವಳು ಹೆದರದೆ, ಅಳದೆ ಕಳೆದ ಒಂದು ಸಂಜೆಯೇ ಯಶಸ್ಸು. ಅಂಥ ಸಂಜೆಗಳನ್ನು ತಂದುಕೊಟ್ಟ ಸೂತ್ರಗಳಿವು.

1. ‘ಅರಳುಮರಳು’ ಎಂದು ಸುಮ್ಮನಾಗಬೇಡಿ

ಬೇಂದ್ರೆಯವರು ತಮ್ಮ ಕವನ ಸಂಕಲನಕ್ಕೆ ಇದೇ ಹೆಸರಿಟ್ಟರು, ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅವರ ಕೈಯಲ್ಲಿ ಆ ಮಾತಿಗೆ ಮತ್ತೆ ಅರಳುವ ಅರ್ಥವೂ ಇತ್ತು. ನಮ್ಮ ಮನೆಗಳಲ್ಲಿ ಮಾತ್ರ ಅದು ವೈದ್ಯರ ಹತ್ತಿರ ಹೋಗದಿರಲು ಒಂದು ನೆಪ. ಅಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಾಗ, ದಿನಾ ಹೋಗುವ ದೇವಸ್ಥಾನದಿಂದ ಮನೆಗೆ ದಾರಿ ತಪ್ಪಿದಾಗ ನಾವೂ ‘ವಯಸ್ಸಾಯ್ತಲ್ಲ’ ಎಂದೆವು. ಎರಡು ವರ್ಷ ಹಾಗೇ ಹೋಯಿತು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ (ಆಲ್ಜೈಮರ್ ಇದರದೇ ಒಂದು ಬಗೆ). ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದೇ ಲೆಕ್ಕವನ್ನು ತಿರುಗಿಸಿ ನೋಡಿ: ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಇದಿಲ್ಲ. ವಯಸ್ಸಾದವರಿಗೆಲ್ಲ ಬರುವ ಮರೆವು ಇದಲ್ಲ, ಮೆದುಳಿನ ಕಾಯಿಲೆ.

2. ಮೊದಲು ರಕ್ತ ಪರೀಕ್ಷೆ ಮಾಡಿಸಿ

ಥೈರಾಯ್ಡ್ ಕಡಿಮೆಯಾದರೂ, ವಿಟಮಿನ್ ಬಿ12 ಇಳಿದರೂ, ಖಿನ್ನತೆ ಇದ್ದರೂ ಮರೆವು ಬರುತ್ತದೆ. ಅವಕ್ಕೆ ಮದ್ದುಂಟು. ಸಸ್ಯಾಹಾರಿಗಳ ಮನೆಗಳಲ್ಲಂತೂ ಬಿ12 ನೋಡಿಸಲೇಬೇಕು. ಕಿವಿ ಕೇಳಿಸುತ್ತದೆಯೇ, ಕಣ್ಣಿಗೆ ಪೊರೆ ಬಂದಿದೆಯೇ ಎಂದೂ ನೋಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೆಂದಿಲ್ಲ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲೆಗಳಲ್ಲೂ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆದಿದೆ.

3. ಅಮ್ಮನ ಸಹಿ ಅಮ್ಮನದೇ ಆಗಿರುವಾಗ ಕಾಗದಪತ್ರ ಮುಗಿಸಿ

‘ಪವರ್ ಆಫ್ ಅಟಾರ್ನಿ ಮಾಡಿಸಿಟ್ಟಿದ್ದೇವೆ, ಇನ್ನೇನು’ ಎಂದು ನೆಮ್ಮದಿಯಾಗಿರುವವರು ಬಹಳ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಸ್ಥವಾಗಿಲ್ಲದಾದಾಗ ಕೊಟ್ಟ ಅಧಿಕಾರವೂ ಮುಗಿಯುತ್ತದೆ. ಯಾವಾಗ ಬೇಕೋ ಆಗಲೇ ಆ ಕಾಗದ ಕೈಕೊಡುತ್ತದೆ. ಆಮೇಲೆ ಪೋಷಕರನ್ನು ನೇಮಿಸಿ ಎಂದು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಉಳಿತಾಯ ಖಾತೆಗೂ ಎಫ್‌ಡಿಗೂ ನಿಮ್ಮ ಹೆಸರು ಸೇರಿಸಿ, ಇಬ್ಬರಲ್ಲಿ ಯಾರಾದರೂ ವ್ಯವಹರಿಸುವಂತೆ ಮಾಡಿಸಿಕೊಳ್ಳಿ. ನಾಮಿನಿ, ಉಯಿಲು ಎಲ್ಲವೂ ಅಮ್ಮನಿಗೆ ಅರ್ಥವಾಗುವ ದಿನಗಳಲ್ಲೇ, ಅವಳ ಇಷ್ಟ ಕೇಳಿ ಆಗಲಿ. ಪಿಂಚಣಿಗೆ ನವೆಂಬರಿನಲ್ಲಿ ಕೊಡುವ ಜೀವಂತ ಪ್ರಮಾಣಪತ್ರಕ್ಕೆ ಅವಳನ್ನು ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಬೇಡಿ, ಮೊಬೈಲಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಮಾಡಬಹುದು.

4. ವಾದ ಮಾಡಬೇಡಿ, ಹಸುವಿನ ಹೆಸರು ಕೇಳಿ

ಮೊದಮೊದಲು ನಾನು ದಿನಾ ವಾದ ಮಾಡಿದೆ. ‘ಅಮ್ಮಾ, ಇದೇ ನಮ್ಮನೆ. ದನ ಎಲ್ಲಿದೆ? ಎಲ್ಲ ಮಾರಿ ಆಯ್ತಲ್ಲ.’ ಅವಳು ನನ್ನನ್ನು ಕಳ್ಳಿಯಂತೆ ನೋಡುತ್ತಿದ್ದಳು. ‘ಯಾರು ಮಾರಿದ್ದು? ಯಾರನ್ನ ಕೇಳಿ ಮಾರಿದ್ರಿ?’ ಬಾಗಿಲು ಬಡಿಯುವುದು, ಅಳು, ರಾತ್ರಿ ಊಟ ಬೇಡ.

ಒಂದು ಸಂಜೆ ನನಗೇ ಸುಸ್ತಾಗಿತ್ತು. ‘ಯಾವುದು ಕರೆಯೋಕೆ ಕೊಡ್ತಾ ಇಲ್ಲ?’ ಎಂದೆ. ಅಮ್ಮ ಪಟ್ಟನೆ ಕೂತಳು. ‘ಗೌರಿ. ಅವಳಿಗೆ ನನ್ನ ಕೈಯೇ ಆಗಬೇಕು. ಕೆಚ್ಚಲಿಗೆ ಬಿಸಿನೀರು ಹಾಕದಿದ್ರೆ ಒದೀತಾಳೆ.’ ಅರ್ಧ ಗಂಟೆ ಗೌರಿಯ ಕಥೆ ನಡೆಯಿತು. ಅಷ್ಟರಲ್ಲಿ ಹಾಲು ಕರೆಯುವ ಹೊತ್ತು ದಾಟಿತ್ತು.

ಸಂಜೆಯಾಗುತ್ತಲೇ ತಳಮಳ ಏರುವುದು ಈ ಕಾಯಿಲೆಯ ಗುಣವೆಂದು ವೈದ್ಯರು ಹೇಳುತ್ತಾರೆ. ಅಮ್ಮನ ಮಟ್ಟಿಗೆ ಅದು ಐವತ್ತು ವರ್ಷ ತಪ್ಪದೆ ಮಾಡಿದ ಕೆಲಸದ ಕರೆ. ಅವಳು ಕೇಳುವುದು ಮನೆಯನ್ನಲ್ಲ, ತನ್ನನ್ನು ಕಾಯುವ ಒಂದು ಜೀವವನ್ನು ಎಂದು ನನಗೆ ಅನಿಸುತ್ತದೆ. ಈಗ ನಾಲ್ಕೂವರೆಗೇ ಮನೆಯ ದೀಪವೆಲ್ಲ ಹಾಕುತ್ತೇನೆ, ಒಂದು ಮೊರದ ತುಂಬ ಸೊಪ್ಪು ಬಿಡಿಸಲು ಕೊಡುತ್ತೇನೆ.

5. ಸಾವಿನ ಸುದ್ದಿಯನ್ನು ದಿನಾ ಹೇಳಬೇಡಿ

‘ನಿಮ್ಮಪ್ಪ ಇನ್ನೂ ಊಟಕ್ಕೆ ಬಂದಿಲ್ಲ.’ ಅಪ್ಪ ಹೋಗಿ ಹನ್ನೊಂದು ವರ್ಷ. ಸುಳ್ಳು ಹೇಳಬಾರದೆಂದು ಬೆಳೆದವಳು ನಾನು, ನಿಜ ಹೇಳಿದೆ. ಅವಳು ಆಗಷ್ಟೇ ವಿಧವೆಯಾದವಳಂತೆ ಅತ್ತಳು. ಮುಕ್ಕಾಲು ಗಂಟೆಯ ಮೇಲೆ ಮತ್ತೆ ಕೇಳಿದಳು, ‘ನಿಮ್ಮಪ್ಪ ಬಂದ್ರಾ?’ ಆ ದಿನ ತೀರ್ಮಾನಿಸಿದೆ, ಒಬ್ಬ ಹೆಂಗಸಿಗೆ ಒಂದೇ ಗಂಡನ ಸಾವನ್ನು ಇನ್ನೆಂದೂ ಎರಡನೇ ಸಲ ಕೊಡುವುದಿಲ್ಲ. ಈಗ ‘ಅಪ್ಪಂಗೆ ಇವತ್ತು ಏನು ಮಾಡೋಣ?’ ಎನ್ನುತ್ತೇನೆ. ಉತ್ತರ ಸಾಮಾನ್ಯವಾಗಿ ಪತ್ರೊಡೆ.

6. ‘ನಾನು ಯಾರು ಹೇಳಿ ನೋಡೋಣ’ ಎನ್ನುವ ನೆಂಟರನ್ನು ಬಾಗಿಲಲ್ಲೇ ತಡೆಯಿರಿ

ಒಳ್ಳೆಯವರೇ, ಪ್ರೀತಿಯಿಂದಲೇ ಬರುತ್ತಾರೆ. ಬಂದವರೇ ಅಮ್ಮನ ಮುಂದೆ ಬಾಗಿ ಪರೀಕ್ಷೆ ಶುರುಮಾಡುತ್ತಾರೆ: ‘ನನ್ನ ಗುರುತು ಸಿಕ್ತಾ? ಯಾರು ನಾನು? ಹೆಸರು ಹೇಳಿ!’ ಅಮ್ಮ ನಗುತ್ತಾಳೆ, ‘ಗೊತ್ತು, ಗೊತ್ತು’ ಎನ್ನುತ್ತಾಳೆ. ಅವಳ ಕೈ ಮಾತ್ರ ಸೆರಗಿನ ಅಂಚನ್ನು ಹಿಂಡುತ್ತಿರುತ್ತದೆ. ಊರಿಗೆಲ್ಲ ಬಡಿಸಿದ ಹೆಂಗಸು ಕೊನೆಗಾಲದಲ್ಲಿ ಬಂದವರ ಮುಂದೆಲ್ಲ ಫೇಲಾಗಬೇಕೇ? ನಾನು ಈಗ ಮೆಟ್ಟಿಲ ಹತ್ತಿರವೇ ಹೇಳಿಬಿಡುತ್ತೇನೆ: ‘ಒಳಗೆ ಹೋದ ತಕ್ಷಣ ನೀವೇ ಹೇಳಿ, ಅತ್ತೆ, ನಾನು ನಿಮ್ಮ ತಮ್ಮನ ಮಗಳು, ಕೊಪ್ಪದಿಂದ ಬಂದೆ ಅಂತ.’ ‘ನೆನಪಿದೆಯಾ’ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಕೆಲವರು ಬೇಸರ ಮಾಡಿಕೊಂಡರು. ಮಾಡಿಕೊಳ್ಳಲಿ.

7. ಬಳೆ ಕಳುವಾದರೆ ಜೊತೆಯಲ್ಲಿ ಹುಡುಕಿ

ಅಕ್ಕಿ ಡಬ್ಬಿ, ದಿಂಬಿನ ಚೀಲ, ದೇವರ ಪೆಟ್ಟಿಗೆ, ಈ ಕ್ರಮದಲ್ಲಿ. ಮನೆಗೆಲಸಕ್ಕೆ ಬರುವವರಿಗೆ ಮೊದಲ ದಿನವೇ ಕಾಯಿಲೆ ವಿವರಿಸಿ, ‘ನಿನ್ನ ಮೇಲೆ ಕಳ್ಳತನ ಹೊರಿಸಿದರೆ ನಾನು ನಿನ್ನ ಪರ’ ಎಂದು ಮಾತು ಕೊಡಿ. ಅವರ ಮರ್ಯಾದೆಯೂ ನಮ್ಮ ಹೊಣೆ.

8. ಸ್ನಾನಕ್ಕೆ ಕರೆಯಬೇಡಿ, ಎಣ್ಣೆ ಹಚ್ಚಲು ಕರೆಯಿರಿ

ಶವರ್ ತಲೆಯ ಮೇಲಿಂದ ಸುರಿದರೆ ಅಮ್ಮ ಚೀರುತ್ತಾಳೆ. ಬಕೆಟ್, ಚೊಂಬು, ಹದ ಬಿಸಿಯ ನೀರು, ಮೊದಲು ಕಾಲಿಗೆ. ಹೆಗಲ ಮೇಲೊಂದು ಟವೆಲ್ ಹೊದಿಸಿಯೇ ಇರಲಿ. ನಾಚಿಕೆ ಅವಳಿಗೆ ಮರೆತಿಲ್ಲ.

9. ದಿನಾ ಬೆಳಿಗ್ಗೆ ಅಮ್ಮನದೊಂದು ಫೋಟೊ ತೆಗೆಯಿರಿ

ಅನಂತ್ ನಾಗ್ ಆಲ್ಜೈಮರ್ ಇರುವ ತಂದೆಯಾಗಿ ಅಭಿನಯಿಸಿದ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾದ ಹೆಸರು, ಕಾಣೆಯಾದವರ ಪ್ರಕಟಣೆಯಲ್ಲಿ ಬರುವ ಮಾತು. ಆ ಪ್ರಕಟಣೆ ಕೊಡುವ ಗಳಿಗೆ ಬಂದರೆ ‘ಯಾವ ಸೀರೆ ಉಟ್ಟಿದ್ದರು?’ ಎನ್ನುವ ಪ್ರಶ್ನೆಗೆ ಬಾಯಿ ಕಟ್ಟುತ್ತದೆ. ಮೊಬೈಲಿನಲ್ಲಿ ಅವತ್ತಿನ ಫೋಟೊ ಇದ್ದರೆ ಸಾಕು. ರವಿಕೆಯ ಒಳಮಗ್ಗುಲಿಗೆ ನಿಮ್ಮ ಫೋನ್ ನಂಬರ್ ಬರೆದ ಬಟ್ಟೆಯ ತುಂಡು ಹೊಲಿಯಿರಿ. ಆಟೊ ಸ್ಟ್ಯಾಂಡಿನವರಿಗೆ, ಹಾಲಿನ ಬೂತಿನವರಿಗೆ, ಹೂವಿನವಳಿಗೆ ವಿಷಯ ತಿಳಿಸಿಡಿ. ಮುಚ್ಚಿಡುವ ಮನೆಯ ಮುದುಕಿ ಕಳೆದುಹೋದರೆ ಬೀದಿಗೆ ಗೊತ್ತಾಗುವುದೇ ಇಲ್ಲ. ರಾತ್ರಿ ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡುವುದನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ.

10. ದಿಢೀರನೆ ಕೆಟ್ಟರೆ ಕಾಯಿಲೆಯನ್ನೇ ದೂರಬೇಡಿ

ಡಿಮೆನ್ಷಿಯಾ ಹೆಚ್ಚಾಗಿ ನಿಧಾನವಾಗಿ ಇಳಿಸುತ್ತದೆ. ನಿನ್ನೆ ಸರಿಯಿದ್ದವಳು ಇವತ್ತು ಗೋಡೆಯ ಮೇಲೆ ಜನ ಕಾಣುತ್ತಾರೆ ಎಂದರೆ ಅದಕ್ಕೆ ಬೇರೆ ಕಾರಣವಿರಬಹುದು. ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದಿರುವುದು, ಹೊಸದಾಗಿ ಶುರುವಾದ ಮಾತ್ರೆ. ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನಿದ್ದೆ ಬರಿಸುವ ಮಾತ್ರೆಗಳೂ ಮಂಕು ಹೆಚ್ಚಿಸುತ್ತವೆ. ಅದೇ ದಿನ ವೈದ್ಯರಿಗೆ ತೋರಿಸಿ.

11. ಪಾಳಿ ಮಕ್ಕಳು ಮಾಡಲಿ, ಅಮ್ಮನಿಂದ ಮಾಡಿಸಬೇಡಿ

ನಮ್ಮಲ್ಲಿ ಅಪ್ಪ ಅಮ್ಮನನ್ನು ಹಂಚಿಕೊಳ್ಳುವ ಪದ್ಧತಿ ಗೊತ್ತಲ್ಲ: ನಿನ್ನಲ್ಲಿ ಮೂರು ತಿಂಗಳು, ನನ್ನಲ್ಲಿ ಮೂರು ತಿಂಗಳು. ಮರೆವಿರುವವರಿಗೆ ಇದು ಶಿಕ್ಷೆ. ಬಚ್ಚಲು ಯಾವ ಕಡೆ ಎಂದು ಕಾಲು ಕಲಿಯುವ ಹೊತ್ತಿಗೆ ಮತ್ತೆ ಬೇರೆ ಮನೆ. ಅಮ್ಮನನ್ನು ಹಾಗೆ ಒಂದು ಸುತ್ತು ಕಳಿಸಿ ನಾವು ಪಾಠ ಕಲಿತೆವು. ವಾಪಸು ಬಂದವಳು ಬಚ್ಚಲು ಹುಡುಕುತ್ತ ನಡುಮನೆಯಲ್ಲೇ ನಿಂತು ಅತ್ತಳು.

ಆಮೇಲೆ ಅಣ್ಣಂದಿರನ್ನು ಕೂರಿಸಿಕೊಂಡು ಕಾಗದದಲ್ಲಿ ಬರೆದೆ. ಒಬ್ಬ ರಾತ್ರಿ ಆರೈಕೆಗೆ ಬರುವವರ ಸಂಬಳ ಕೊಡುತ್ತಾನೆ. ಇನ್ನೊಬ್ಬ ಎರಡು ತಿಂಗಳಿಗೊಮ್ಮೆ ಒಂದು ವಾರ ಇಲ್ಲಿಗೇ ಬಂದು ಇರುತ್ತಾನೆ, ಆ ವಾರ ನಾನು ಮನೆಯಲ್ಲಿರುವುದಿಲ್ಲ. ‘ಹೆಣ್ಣುಮಗಳಲ್ವಾ, ನಿನಗೆ ಇದೆಲ್ಲ ತಾನಾಗೇ ಬರುತ್ತೆ’ ಎಂದಿದ್ದರು. ತಾನಾಗೇ ಬರಲಿಲ್ಲ, ಅತ್ತು ಕಲಿತೆ. ಈಗ ನನ್ನ ಅಣ್ಣನೂ ಅಮ್ಮನ ತಲೆ ಬಾಚುತ್ತಾನೆ, ಚೆನ್ನಾಗಿಯೇ ಬಾಚುತ್ತಾನೆ.

12. ಸಿಟ್ಟು ಕೈಗೆ ಇಳಿಯುವ ಮೊದಲು ಹೊರಗೆ ಹೋಗಿ

ರಾತ್ರಿಗೆ ಯಾರೂ ಇಲ್ಲದ ಕಾಲದ ಮಾತು. ನಾಲ್ಕನೇ ಸಲ ಎದ್ದು ಬಾಗಿಲ ಚಿಲಕ ಎಳೆಯುತ್ತಿದ್ದ ಅಮ್ಮನ ಮುಂಗೈ ಹಿಡಿದು ಹಾಸಿಗೆಗೆ ಎಳೆದೆ. ಬೆಳಿಗ್ಗೆ ಅಲ್ಲಿ ನೀಲಿಗಟ್ಟಿತ್ತು. ಅವಳೇ ತಂದು ತೋರಿಸಿದಳು, ‘ಇಲ್ಲಿ ನೋಡು ಮಗಾ, ಎಲ್ಲೋ ತಾಗಿದೆ.’ ಎಣ್ಣೆ ಹಚ್ಚುವಾಗ ನನ್ನ ಕೈ ನಡುಗುತ್ತಿತ್ತು.

ಇದನ್ನು ಬರೆಯುವುದು ಸುಲಭವಲ್ಲ. ಆದರೆ ಈ ಸಾಲು ಓದುವ ಎಷ್ಟೋ ಹೆಣ್ಣುಮಕ್ಕಳಿಗೆ ಇಂಥದೊಂದು ರಾತ್ರಿ ಇದ್ದೇ ಇರುತ್ತದೆ. ಅಮ್ಮ ಬೀಳದಂತೆ ಕೂರಿಸಿ, ಬಾಗಿಲ ಆಚೆ ಹತ್ತು ನಿಮಿಷ ನಿಲ್ಲಿ. ಅವತ್ತೇ ಯಾರಿಗಾದರೂ ಹೇಳಿ. ಹೇಳಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಮೊದಲು ಹೇಳಿದ್ದು ಅಣ್ಣನಿಗೆ. ರಾತ್ರಿಗೆ ಜನ ಇಟ್ಟುಕೊಂಡದ್ದು ಆ ಮಾತಿನ ನಂತರವೇ.

13. ಕೈಗೆ ಗೊತ್ತಿರುವ ಕೆಲಸವನ್ನು ಕೈಗೇ ಬಿಡಿ

ಹೆಸರುಗಳು ಹೋದ ಮೇಲೂ ಬೆರಳಿನ ಕಲಿಕೆ ಬಹುಕಾಲ ಉಳಿಯುತ್ತದೆ. ಮೆದುಳಿನಲ್ಲಿ ಅದರ ಜಾಗವೇ ಬೇರೆ. ನನ್ನ ಹೆಸರು ಅಮ್ಮನಿಗೆ ಈಗ ವಾರಕ್ಕೊಮ್ಮೆ ಸಿಕ್ಕರೆ ಹೆಚ್ಚು. ಮಲ್ಲಿಗೆ ಮೊಗ್ಗು, ನೆನೆಸಿದ ಬಾಳೆನಾರು ಮುಂದಿಟ್ಟರೆ ಮಾತ್ರ ಎಡಗೈ ಬೆರಳು ತಾನಾಗಿ ನಾರು ಹಿಡಿಯುತ್ತದೆ, ಎರಡು ಈ ಕಡೆ, ಎರಡು ಆ ಕಡೆ, ಒಂದು ಗಂಟು. ಸಂಜೆ ಅವಳ ಪಕ್ಕ ಕೂತು ನಾನೂ ಕಟ್ಟುತ್ತೇನೆ. ನಿನ್ನೆ ನಾನು ಕಟ್ಟಿದ್ದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ‘ಗಂಟು ಸಡಿಲ’ ಎಂದು ಅಷ್ಟನ್ನೂ ಬಿಚ್ಚಿ, ಒಂದು ಮೊಳ ಮತ್ತೆ ಕಟ್ಟಿ, ನನ್ನ ತಲೆ ತನ್ನ ಕಡೆ ತಿರುಗಿಸಿಕೊಂಡು ಮುಡಿಸಿದಳು.