ಟೊಮೆಟೊ ಕೀಳೋದಾ, ಬಿಡೋದಾ? ಒಂದು ಸಣ್ಣ ಸಮೀಕರಣ

ಈ ವಾರ ಗೊಬ್ಬರ, ಕೀಟ ಯಾವುದೂ ಬೇಡ, ಲೆಕ್ಕ ಮಾಡೋಣ. ಹೈಸ್ಕೂಲಿನ ಬೀಜಗಣಿತ ಸಾಕು.

ನಾನು ಒಂದು ಎಕರೆಯಲ್ಲಿ ಸಾವಯವ ಟೊಮೆಟೊ ಹಾಕಿದ ಮೊದಲ ವರ್ಷ, 15 ಕೆಜಿ ಬಾಕ್ಸಿನ ಬೆಲೆ 110 ರೂಪಾಯಿಗೆ ಇಳಿಯಿತು. ಹಾಕಿದ ಅಸಲೇ ಬರಲ್ಲ ಅಂತ ಸಿಟ್ಟು ಬಂದು ಕೊಯ್ಲು ನಿಲ್ಲಿಸಿಬಿಟ್ಟೆ. ಸುಮಾರು 200 ಬಾಕ್ಸ್ ಹಣ್ಣು ಗಿಡದಲ್ಲೇ ಕೊಳೆಯಿತು. ತೋಟಗಾರಿಕೆ ಪದವಿ ಓದಿದವನು ಮಾಡಿದ ಕೆಲಸ ಇದು!

ಖರ್ಚನ್ನು ಎರಡು ಭಾಗ ಮಾಡಿ ಬರೆದಿದ್ದರೆ ಹಾಗಾಗುತ್ತಿರಲಿಲ್ಲ. ಸಸಿ, ಕಾಂಪೋಸ್ಟ್, ಬೇವಿನ ಹಿಂಡಿ, ಮಲ್ಚಿಂಗ್, ಕಡ್ಡಿ, ತಂತಿ, ಕೂಲಿ ಎಲ್ಲ ಸೇರಿ ನನಗೆ 1,26,000 ರೂಪಾಯಿ ಆಗಿತ್ತು. ಹಣ್ಣು ಕಿತ್ತರೂ ಬಿಟ್ಟರೂ ಆ ದುಡ್ಡು ಹೋಗಿ ಆಗಿದೆ. ಇನ್ನೊಂದು, ಕಿತ್ತರೆ ಮಾತ್ರ ಬರುವ ಖರ್ಚು. ಬಾಕ್ಸಿಗೆ ಕೀಳುವ ಕೂಲಿ 26, ಗಾಡಿ ಬಾಡಿಗೆ 20, ಹಮಾಲಿ 8, ಒಟ್ಟು 54. ಇದರ ಮೇಲೆ ಮಂಡಿಯಲ್ಲಿ ಬೆಲೆಯ ಹತ್ತನೇ ಒಂದು ಭಾಗ ಕಡಿತ, ಚೀಟಿಯಲ್ಲಿ ಅದಕ್ಕೆ ಏನೇ ಹೆಸರಿರಲಿ. ಮನೆಯವರೇ ಕಿತ್ತರೂ ಕೂಲಿ ಬರೆಯಿರಿ, ಅವರ ದಿನಕ್ಕೂ ಬೆಲೆ ಇದೆ.

ಬಾಕ್ಸಿನ ಬೆಲೆಯನ್ನು 'ಬೆ' ಅನ್ನೋಣ. ಕಡಿತ ಹೋಗಿ ಕೈಗೆ ಸಿಗೋದು 0.9 × ಬೆ. ಇದು ಕೊಯ್ಲಿನ ಖರ್ಚಿಗೆ ಸಮ ಆಗಬೇಕು:

0.9 × ಬೆ = 54
ಬೆ = 54 ÷ 0.9 = 60

ಅಂದರೆ 60ಕ್ಕಿಂತ ಮೇಲಿದ್ದರೆ ಕೀಳಲೇಬೇಕು. 110ಕ್ಕೆ ಮಾರಿದ್ದರೆ 99 ರೂಪಾಯಿ ಬಂದು, 54 ಕಳೆದು, ಬಾಕ್ಸಿಗೆ 45 ಉಳಿಯುತ್ತಿತ್ತು. 200 ಬಾಕ್ಸಿಗೆ 9,000 ರೂಪಾಯಿ. ಸಿಟ್ಟಿಗೆ ನಾನು ಕೊಟ್ಟ ಬೆಲೆ ಅದು.

ಅಸಲು ಪೂರ್ತಿ ಬರೋದು ಬೇರೆ ಪ್ರಶ್ನೆ. ಎಕರೆಗೆ 800 ಬಾಕ್ಸ್ ಇಳುವರಿ ಹಿಡಿದರೆ:

800 × (0.9 × ಬೆ − 54) = 1,26,000
0.9 × ಬೆ − 54 = 157.50
ಬೆ = 211.50 ÷ 0.9 = 235

ಇಡೀ ಬೆಳೆಗೆ ಸರಾಸರಿ 235 ಸಿಕ್ಕರೆ ಅಸಲು ಬರುತ್ತೆ. ಈ ಲೆಕ್ಕ ನಾಟಿಗೆ ಮುಂಚೆ ಹಾಕಬೇಕು, 60ರ ಲೆಕ್ಕ ಕೊಯ್ಲಿನ ಹಿಂದಿನ ರಾತ್ರಿ. ನಾನು ಎರಡನ್ನೂ ಕಲಸಿಕೊಂಡಿದ್ದೆ.

ಬೆಲೆ 60ಕ್ಕಿಂತ ಕೆಳಗೆ ಹೋದರೂ ಹುಳ ಬಿದ್ದ ಹಣ್ಣನ್ನು ಮಾತ್ರ ಗಿಡದಲ್ಲಿ ಬಿಡಬೇಡಿ, ಕಿತ್ತು ನಾಶ ಮಾಡಿ. ಇಲ್ಲದಿದ್ದರೆ ಕಾಯಿಕೊರಕ ಮುಂದಿನ ಬೆಳೆಗೂ ಕಾದಿರುತ್ತೆ.

ಇಲ್ಲಿರೋದು ನನ್ನ ತೋಟದ ಅಂಕಿ, ನಿಮ್ಮದನ್ನು ಹಾಕಿ ನೋಡಿ. ಪಕ್ಕದ ತೋಟದವರ ಜೊತೆ ಸೇರಿ ಒಂದೇ ಗಾಡಿ ಮಾಡಿದಾಗ ನನಗೆ ಬಾಡಿಗೆ ಬಾಕ್ಸಿಗೆ 20ರಿಂದ 11ಕ್ಕೆ ಇಳಿಯಿತು. ಆಗ 45 ÷ 0.9, ಅಂದರೆ ಬೆಲೆ 50 ಆಗುವವರೆಗೂ ಕೀಳಬಹುದು.