ದುಬಾರಿ ಎಸ್‌ಯುವಿಗಳ ಟ್ರ್ಯಾಕ್ಷನ್ ದೋಷ: ಖರೀದಿದಾರರು ಅರಿಯಬೇಕಾದ ಅಂಶಗಳು

ಬಳ್ಳಾರಿಯ ಜೀನ್ಸ್ ಹಾಗೂ ಗಣಿ ಉದ್ಯಮಿಗಳು, ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕರು, ಕುರುಗೋಡಿನ ವರ್ತಕರು ಬೆಲೆಬಾಳುವ ಎಸ್‌ಯುವಿಗಳನ್ನು ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವುದುಂಟು. ಅವುಗಳ ಸುರಕ್ಷತಾ ವ್ಯವಸ್ಥೆ ಕೈಕೊಟ್ಟಾಗ ಎರಡು ಪ್ರಶ್ನೆಗಳು ಉದ್ಭವಿಸುತ್ತವೆ: ಇದು ನಿಜವಾಗಿಯೂ ದೋಷವೇ? ದೋಷವಾದಲ್ಲಿ ಸಂಸ್ಥೆಯು ಗ್ರಾಹಕನ ನೆಲೆಯಲ್ಲಿ ಪರಿಹಾರ ಕೇಳಬಹುದೇ?

1. ವ್ಯವಸ್ಥೆಯ ಸ್ವರೂಪ

ಪ್ರತಿ ಚಕ್ರದ ವೇಗವನ್ನು ಒಂದು ಸೆನ್ಸರ್ ಅಳೆಯುತ್ತದೆ. ಯಾವುದಾದರೊಂದು ಚಕ್ರ ಹಿಡಿತ ತಪ್ಪಿ ವೇಗವಾಗಿ ಸುತ್ತಿದರೆ, ಟ್ರ್ಯಾಕ್ಷನ್ ಕಂಟ್ರೋಲ್ ಆ ಚಕ್ರಕ್ಕೆ ಬ್ರೇಕ್ ಹಾಕಿ, ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ. ಆದುದರಿಂದ ಎರೆಮಣ್ಣಿನ ಕೆಸರಿನಲ್ಲಿ ಶಕ್ತಿ ಕುಂದುವುದೇ ದೋಷವಲ್ಲ. ಸೂಚಕ ದೀಪ ಮಿನುಗಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದರ್ಥ. ಚಾಲಕನು ಆಫ್ ಮಾಡದಿದ್ದರೂ ದೀಪ ಉರಿಯುತ್ತಲೇ ಇದ್ದರೆ ಪರೀಕ್ಷೆ ಅಗತ್ಯ. ಸೆನ್ಸರ್‌ಗೆ ಮೆತ್ತಿದ ಮಣ್ಣು, ತುಂಡಾದ ವೈರು, ಅಸಮ ಅಳತೆಯ ಟೈರುಗಳು ಇವನ್ನು ಪರಿಶೀಲಿಸಿದ ನಂತರವೇ ತಯಾರಿಕಾ ದೋಷದ ಮಾತು.

ತಯಾರಕರ ಹಂತದ ದೋಷಕ್ಕೆ ಲೆಕ್ಸಸ್ ಜಿಎಕ್ಸ್ 460 ನಿದರ್ಶನ. ತಿರುವಿನಲ್ಲಿ ಇದರ ಹಿಂಬದಿ ಅಪಾಯಕರವಾಗಿ ಜಾರುವುದೆಂದು ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2010ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಟೊಯೊಟಾ ಕಂಪನಿಯು ಮಾರಾಟ ನಿಲ್ಲಿಸಿ, ಸುಮಾರು 9,400 ವಾಹನಗಳನ್ನು ಹಿಂದಕ್ಕೆ ಕರೆಸಿ, ಸ್ಥಿರತಾ ನಿಯಂತ್ರಣದ ಸಾಫ್ಟ್‌ವೇರ್ ಬದಲಿಸಿತು.

2. ಸಂಸ್ಥೆಯೂ ಗ್ರಾಹಕನೇ?

ವಾಣಿಜ್ಯ ಉದ್ದೇಶದ ಖರೀದಿಯು ಸಾಮಾನ್ಯವಾಗಿ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬಾರದು. ಆದರೆ ಡೈಮ್ಲರ್ ಕ್ರೈಸ್ಲರ್ ವಿರುದ್ಧ ಕಂಟ್ರೋಲ್ಸ್ ಅಂಡ್ ಸ್ವಿಚ್‌ಗೇರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 9ರಂದು ಮಹತ್ವದ ತೀರ್ಪು ನೀಡಿತು. ನಿರ್ದೇಶಕರ ಸ್ವಂತ ಬಳಕೆಗೆ ಕಂಪನಿಯ ಹೆಸರಿನಲ್ಲಿ ಕೊಂಡ ಕಾರು, ಅಷ್ಟರಿಂದಲೇ ವಾಣಿಜ್ಯ ಉದ್ದೇಶದ್ದಾಗದು ಎಂಬುದು ಅದರ ಸಾರ. ವಾಹನವು ಲಾಭ ಗಳಿಕೆಯ ಚಟುವಟಿಕೆಗೆ ನೇರವಾಗಿ ಬಳಕೆಯಾಗುತ್ತಿದೆಯೇ ಎಂಬುದೇ ಒರೆಗಲ್ಲು.

ಇಲ್ಲಿ ಲೆಕ್ಕಪತ್ರದ ಎಚ್ಚರಿಕೆಯೊಂದಿದೆ. ಆದಾಯ ತೆರಿಗೆಯ ಮುಂದೆ ವಾಹನ ಪೂರ್ಣವಾಗಿ ವ್ಯಾಪಾರದ ಬಳಕೆಗೆಂದು ವೆಚ್ಚ ತೋರಿಸಿ, ಆಯೋಗದ ಮುಂದೆ ಸ್ವಂತ ಬಳಕೆಗೆಂದು ವಾದಿಸಿದರೆ, ಎದುರುದಾರರು ನಮ್ಮ ಲೆಕ್ಕವನ್ನೇ ನಮ್ಮ ವಿರುದ್ಧ ಹಿಡಿಯುವರು. ಖರೀದಿಯ ನಿರ್ಣಯದಲ್ಲಿ ಬಳಕೆದಾರರ ಹೆಸರು, ಉದ್ದೇಶ ನಮೂದಾಗಿರಲಿ. ಲೆಕ್ಕವೂ ಅದಕ್ಕೆ ಹೊಂದಿರಲಿ.

3. ಪರಿಹಾರದ ಮಾರ್ಗ

ಮಾರಾಟ ಮಳಿಗೆ ಬೆಂಗಳೂರು ಅಥವಾ ಹೈದರಾಬಾದಿನಲ್ಲಿದ್ದರೂ, 2019ರ ಕಾಯ್ದೆಯ 34ನೇ ಕಲಮಿನಂತೆ ದೂರುದಾರನು ವಾಸಿಸುವ ಸ್ಥಳದಲ್ಲೇ ದೂರು ನೀಡಬಹುದು. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, ಅದಕ್ಕೆ ಮೀರಿ 2 ಕೋಟಿವರೆಗೆ ರಾಜ್ಯ ಆಯೋಗ. ಕಾಲಮಿತಿ ಎರಡು ವರ್ಷ.

ಪ್ರತಿ ಸಲದ ಜಾಬ್ ಕಾರ್ಡ್, ದೋಷ ಸಂಕೇತದ ಮುದ್ರಿತ ಪ್ರತಿ, ಬರವಣಿಗೆಯ ದೂರು ಇವನ್ನು ಕಾಪಿಡಬೇಕು. ದೂರವಾಣಿಯಲ್ಲಿ ಹೇಳಿದ ದೂರಿಗೆ ಸಾಕ್ಷ್ಯವಿರದು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ 110-ಎ ಕಲಮಿನಡಿ ಸರ್ಕಾರವು ದೋಷಯುಕ್ತ ವಾಹನಗಳ ಹಿಂಪಡೆಗೆ ಆದೇಶಿಸಬಹುದು. ಅದಕ್ಕೂ ಮಾಲೀಕರ ದಾಖಲಿತ ದೂರುಗಳು ಒಂದು ಆಧಾರ. ಆದುದರಿಂದ ಸದಸ್ಯರು ವಾಹನದ ಕಡತವನ್ನೂ ಲೆಕ್ಕದ ಪುಸ್ತಕದಷ್ಟೇ ಶ್ರದ್ಧೆಯಿಂದ ನಿರ್ವಹಿಸುವುದು ಉಚಿತ.